ತರಬೇತಿಯಿಂದ ಠರಾವು ಪುಸ್ತಕದವರೆಗೆ: ಗ್ರಾಮ ಪಂಚಾಯತಿ ನಾಯಕತ್ವವನ್ನು ಸಂಶೋಧಿಸುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಗ್ರಾಮ ಪಂಚಾಯತಿಗಳ ಮೇಲೆ ಸ್ನಾತಕೋತ್ತರ ಕಿರುಪ್ರಬಂಧವನ್ನೋ ಪಿಎಚ್.ಡಿ. ಮಹಾಪ್ರಬಂಧವನ್ನೋ ಬರೆಯಹೊರಟವರು ‘ನಾಯಕತ್ವ ವಿಕಾಸ’ ಎಂಬ ವಿಷಯವನ್ನು ಮತ್ತೆ ಮತ್ತೆ ಆರಿಸಿಕೊಳ್ಳುತ್ತಾರೆ. ಇಂಥ ಪ್ರಬಂಧಗಳ ಕೊನೆಯ ಅಧ್ಯಾಯ ಬಹುಪಾಲು ಒಂದೇ ಮಾತನ್ನು ಹೇಳುತ್ತದೆ: ತರಬೇತಿಯಿಂದ ಸದಸ್ಯರಿಗೆ ಪ್ರಯೋಜನವಾಗಿದೆ, ಇನ್ನಷ್ಟು ತರಬೇತಿ ಅಗತ್ಯವಿದೆ. ಈ ತೀರ್ಮಾನಕ್ಕೆ ಬರಲು ಊರೂರು ತಿರುಗುವ ಅಗತ್ಯವೇ ಇರಲಿಲ್ಲ. ನಾಯಕತ್ವ ಬೆಳೆದಿದೆಯೇ ಎಂಬುದನ್ನು ತರಬೇತಿ ಪಡೆದವರ ಮಾತಿನಲ್ಲಷ್ಟೇ ಹುಡುಕದೆ, ಅವರ ಪಂಚಾಯತಿಯ ಸಭೆಯಲ್ಲಿ, ಠರಾವಿನಲ್ಲಿ (ಸಭೆಯ ನಿರ್ಣಯದಲ್ಲಿ), ಹಣದ ಲೆಕ್ಕದಲ್ಲಿ ಹುಡುಕಬೇಕು ಮತ್ತು ಹೋಲಿಸಿ ನೋಡಲು ಇನ್ನೊಂದು ಪಂಚಾಯತಿ ಇಲ್ಲದೆ ಯಾವ ತೀರ್ಮಾನವನ್ನೂ ಬರೆಯಬಾರದು ಎಂಬುದು ನನ್ನ ನಿಲುವು. ಅದನ್ನು ಈ ಮೂರು ಜಿಲ್ಲೆಗಳ ಪರಿಸ್ಥಿತಿಯಲ್ಲಿ ಮಾಡುವ ಬಗೆಯನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ಮೊದಲ ಹಂತ: ಪ್ರಶ್ನೆಯನ್ನು ಕಿರಿದು ಮಾಡಿ

‘ಕಲಬುರಗಿ ಜಿಲ್ಲೆಯಲ್ಲಿ ನಾಯಕತ್ವ ಮತ್ತು ಸಾರ್ವಜನಿಕ ಆಡಳಿತ’ ಎಂಬುದು ಸಂಶೋಧನೆಯ ಕ್ಷೇತ್ರವಾಗಬಹುದೇ ಹೊರತು ಪ್ರಶ್ನೆಯಾಗಲಾರದು. ಪ್ರಶ್ನೆಯೆಂದರೆ ಅದಕ್ಕೆ ‘ಇಲ್ಲ’ ಎಂಬ ಉತ್ತರವೂ ಬರುವ ಸಾಧ್ಯತೆ ಇರಬೇಕು. ‘ಮೊದಲ ಸಲ ಆಯ್ಕೆಯಾದ ಮಹಿಳಾ ಸದಸ್ಯರು ತರಬೇತಿಯ ನಂತರದ ಒಂದು ವರ್ಷದಲ್ಲಿ ಸಾಮಾನ್ಯ ಸಭೆಯಲ್ಲಿ ತಾವೇ ಸೂಚಿಸಿದ ವಿಷಯಗಳ ಸಂಖ್ಯೆ ಹೆಚ್ಚಿತೇ?’ ಎಂದು ಕೇಳಿಕೊಂಡರೆ ಎಲ್ಲಿಗೆ ಹೋಗಬೇಕು, ಯಾವ ಪುಸ್ತಕವನ್ನು ತೆರೆಯಬೇಕು, ಯಾರನ್ನು ಮಾತನಾಡಿಸಬೇಕು ಎಂಬುದೆಲ್ಲ ಆ ಪ್ರಶ್ನೆಯಿಂದಲೇ ಹೊರಡುತ್ತದೆ.

ಪ್ರಶ್ನೆಯನ್ನು ರೂಪಿಸುವಾಗ ಎರಡು ಹಳೆಯ ವಿಂಗಡಣೆಗಳು ನೆರವಾಗುತ್ತವೆ. ನಾಯಕನನ್ನು ಬೆಳೆಸುವುದು ಬೇರೆ, ನಾಯಕತ್ವವನ್ನು ಬೆಳೆಸುವುದು ಬೇರೆ ಎಂದು ಡೇವಿಡ್ ಡೇ 2000ರಲ್ಲಿ ವಾದಿಸಿದರು. ಮೊದಲನೆಯದು ಒಬ್ಬ ವ್ಯಕ್ತಿಯ ತಿಳಿವಳಿಕೆ, ಕೌಶಲ ಮತ್ತು ಆತ್ಮವಿಶ್ವಾಸಕ್ಕೆ ಸಂಬಂಧಿಸಿದ್ದು. ಎರಡನೆಯದು ಆ ವ್ಯಕ್ತಿಯ ಸುತ್ತ ಇರುವವರ ನಡುವಿನ ಸಂಬಂಧ, ನಂಬಿಕೆ ಮತ್ತು ಕೂಡಿ ಕೆಲಸ ಮಾಡುವ ರೂಢಿಗೆ ಸಂಬಂಧಿಸಿದ್ದು. ನಮ್ಮ ಹೆಚ್ಚಿನ ತರಬೇತಿಗಳು ಮೊದಲನೆಯದನ್ನು ಮಾಡುತ್ತವೆ, ಆದರೆ ನಮ್ಮ ಪ್ರಬಂಧಗಳು ಎರಡನೆಯದು ಆಯಿತೆಂದು ಬರೆಯುತ್ತವೆ. ಇನ್ನೊಂದು ವಿಂಗಡಣೆ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಿಂದ ಬರೆದು ಪ್ರಚಲಿತಗೊಳಿಸಿದ ನಾಲ್ಕು ಮೆಟ್ಟಿಲುಗಳದ್ದು: ತರಬೇತಿ ಹಿಡಿಸಿತೇ, ಏನಾದರೂ ಕಲಿತರೇ, ಊರಿಗೆ ಮರಳಿದ ಮೇಲೆ ನಡವಳಿಕೆ ಬದಲಾಯಿತೇ, ಅದರಿಂದ ಫಲಿತಾಂಶ ಬದಲಾಯಿತೇ. ತರಬೇತಿಯ ಕೊನೆಯ ದಿನ ತುಂಬಿಸಿಕೊಳ್ಳುವ ಅಭಿಪ್ರಾಯ ನಮೂನೆ ಮೊದಲ ಮೆಟ್ಟಿಲನ್ನು ಮಾತ್ರ ಮುಟ್ಟುತ್ತದೆ. ನಿಮ್ಮ ಪ್ರಶ್ನೆ ಯಾವ ಮೆಟ್ಟಿಲಿನದು ಎಂಬುದನ್ನು ಮಾರ್ಗದರ್ಶಕರ ಮುಂದೆ ಮೊದಲ ದಿನವೇ ಸ್ಪಷ್ಟಪಡಿಸಿಕೊಳ್ಳಿ. ಮೂರನೆಯದಾದರೆ ಒಂದು ವರ್ಷದ ಕ್ಷೇತ್ರಕಾರ್ಯ ಸಾಕಾಗಬಹುದು. ನಾಲ್ಕನೆಯದಕ್ಕೆ ಅಷ್ಟು ಸಮಯ ಸಾಲುವುದಿಲ್ಲ.

ಎರಡನೆಯ ಹಂತ: ಈಗಾಗಲೇ ಆಗಿರುವ ಕೆಲಸವನ್ನು ಓದಿ

ಓದನ್ನು ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿರುವ ಶೋಧಗಂಗಾ ಜಾಲ ಭಂಡಾರದಿಂದ ಆರಂಭಿಸುವುದು ಒಳ್ಳೆಯದು. ಗುಲಬರ್ಗಾ ವಿಶ್ವವಿದ್ಯಾಲಯದಿಂದ ಪಂಚಾಯತ್ ರಾಜ್ ಕುರಿತು ಬಂದ ಪ್ರಬಂಧಗಳನ್ನು ಅಲ್ಲಿ ಹುಡುಕಿ, ಅವುಗಳ ತೀರ್ಮಾನಕ್ಕಿಂತ ಅನುಬಂಧದಲ್ಲಿರುವ ಪ್ರಶ್ನಾವಳಿಯನ್ನು ಮೊದಲು ಓದಿ. ಪ್ರಶ್ನಾವಳಿ ಹೇಗಿದೆಯೋ ತೀರ್ಮಾನವೂ ಹಾಗೆಯೇ ಇರುತ್ತದೆ ಎಂಬುದು ಕೆಲವನ್ನು ಓದುವಷ್ಟರಲ್ಲಿ ತಿಳಿಯುತ್ತದೆ.

ಹೊರಗಿನ ಅಧ್ಯಯನಗಳಲ್ಲಿ ಮೂರನ್ನು ತಪ್ಪದೆ ನೋಡಬೇಕು. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನವು ಪಶ್ಚಿಮ ಬಂಗಾಳದ ಬೀರಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳಲ್ಲಿ ಮಹಿಳೆಗೆ ಮೀಸಲಾದ ಪಂಚಾಯತಿಗಳನ್ನು ಮೀಸಲಾಗದವುಗಳೊಂದಿಗೆ ಹೋಲಿಸಿತು. ಕುಡಿಯುವ ನೀರಿನಂತಹ, ಮಹಿಳೆಯರು ಹೆಚ್ಚಾಗಿ ಬೇಡಿಕೆಯಿಡುವ ಕೆಲಸಗಳಿಗೆ ಮೀಸಲು ಪಂಚಾಯತಿಗಳಲ್ಲಿ ಹೆಚ್ಚು ಹಣ ಹೋಗಿತ್ತು. ಎರಡನೆಯದು, ಈ ಶತಮಾನದ ಆರಂಭದ ವರ್ಷಗಳಲ್ಲಿ ದಕ್ಷಿಣದ ನಾಲ್ಕು ರಾಜ್ಯಗಳ ಗಡಿ ಜಿಲ್ಲೆಗಳಲ್ಲಿ ನಡೆದ ಗ್ರಾಮಸಭೆಗಳ ಸಮೀಕ್ಷೆ. ನಮ್ಮ ಬೀದರ್ ಮತ್ತು ಆಗ ಆಂಧ್ರಪ್ರದೇಶದಲ್ಲಿದ್ದ ಮೇದಕ್ ಅದರಲ್ಲಿ ಜೋಡಿಯಾಗಿ ಬರುತ್ತವೆ. ಎರಡೂ ಹೈದರಾಬಾದ್ ಸಂಸ್ಥಾನದಲ್ಲಿದ್ದು 1956ರಲ್ಲಿ ಬೇರೆ ಬೇರೆ ರಾಜ್ಯಗಳಿಗೆ ಸೇರಿದ್ದರಿಂದ, ಹಿನ್ನೆಲೆ ಒಂದೇ ಇದ್ದು ಆಡಳಿತ ಬೇರೆಯಾದಾಗ ಏನಾಗುತ್ತದೆ ಎಂದು ನೋಡಲು ಈ ಜೋಡಿ ಹೇಳಿ ಮಾಡಿಸಿದಂತಿದೆ.

ಮೂರನೆಯದೇ ಈ ಲೇಖನದ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಕರ್ನಾಟಕದ ಹಳ್ಳಿಗಳಲ್ಲಿ ಪೌರ ತರಬೇತಿ ಮತ್ತು ಪಾಲ್ಗೊಳ್ಳುವಿಕೆಯನ್ನು ಪ್ರೋತ್ಸಾಹಿಸುವ ಕಾರ್ಯಕ್ರಮವೊಂದನ್ನು 100 ಹಳ್ಳಿಗಳಲ್ಲಿ ನಡೆಸಿ, ನಡೆಸದ 100 ಹಳ್ಳಿಗಳೊಂದಿಗೆ ಹೋಲಿಸಿದ ಪ್ರಯೋಗದ ವರದಿ 2014ರಲ್ಲಿ ಬಂದಿತು. ಕಾರ್ಯಕ್ರಮ ನಡೆದ ಹಳ್ಳಿಗಳಲ್ಲಿ ಆಡಳಿತದ ಹಲವು ಸೂಚಕಗಳು ಚೆನ್ನಾಗಿಯೇ ಸುಧಾರಿಸಿದ್ದವು, ಆದರೆ ನಡೆಯದ ಹಳ್ಳಿಗಳಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿದ್ದವು. ಹೋಲಿಕೆಯ ಹಳ್ಳಿಗಳಿಲ್ಲದಿದ್ದರೆ ಅದೇ ಅಂಕಿಗಳು ‘ತರಬೇತಿ ಯಶಸ್ವಿ’ ಎಂಬ ಅಧ್ಯಾಯವಾಗುತ್ತಿದ್ದವು. ಕಾರಣವನ್ನು ಹುಡುಕಲು ಸಂಶೋಧಕರು ಹತ್ತನೇ ಒಂದು ಭಾಗದಷ್ಟು ಹಳ್ಳಿಗಳನ್ನು ನಾಲ್ಕು ವರ್ಷ ಹತ್ತಿರದಿಂದ ಗಮನಿಸಿದಾಗ, ಕಾರ್ಯಕ್ರಮ ನಡೆಸಿಕೊಟ್ಟ ಪ್ರೇರಕರ ಗುಣಮಟ್ಟದಲ್ಲಿದ್ದ ಏರುಪೇರು, ಮೇಲಿನ ಅಧಿಕಾರಿಗಳ ಬೆಂಬಲ ಇಲ್ಲದಿದ್ದುದು ಮತ್ತು ಊರಿನ ಹಳೆಯ ಅಸಮಾನತೆ ಅಡ್ಡಬಂದಿದ್ದುದು ಕಂಡುಬಂತು. ಅಂಕಿ ಒಂದನ್ನು ಹೇಳುತ್ತದೆ, ಊರಲ್ಲಿ ಕುಳಿತು ನೋಡಿದ್ದು ಇನ್ನೊಂದನ್ನು ಹೇಳುತ್ತದೆ. ಎರಡೂ ಇಲ್ಲದೆ ಪ್ರಬಂಧ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಓದಿನ ಅಧ್ಯಾಯದ ಬಗ್ಗೆ ಇನ್ನೊಂದು ಮಾತು. ನಮ್ಮ ಭಾಗದ ಪ್ರಬಂಧಗಳಲ್ಲಿ ಬಸವಕಲ್ಯಾಣದ ಅನುಭವ ಮಂಟಪದಿಂದ ಆರಂಭಿಸಿ ನೇರವಾಗಿ, ಪಂಚಾಯತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ ಸಂವಿಧಾನದ 73ನೆಯ ತಿದ್ದುಪಡಿಗೆ ಜಿಗಿಯುವ ರೂಢಿಯಿದೆ. ಹನ್ನೆರಡನೆಯ ಶತಮಾನದ ಬಗ್ಗೆ ನಿಮ್ಮ ಪ್ರಶ್ನೆ ಏನನ್ನೂ ಕೇಳದಿದ್ದರೆ ಆ ಪುಟಗಳನ್ನು ಉಳಿಸಿ, 1983ರ ರಾಜ್ಯ ಕಾಯಿದೆಗೆ ಬಳಸಿ. ಅಬ್ದುಲ್ ನಜೀರ್ ಸಾಬ್ ಅವರು ಸಚಿವರಾಗಿದ್ದಾಗ ಬಂದ ಆ ಕಾಯಿದೆ ಮಂಡಲ ಪಂಚಾಯತಿ ಮತ್ತು ಜಿಲ್ಲಾ ಪರಿಷತ್ತುಗಳಲ್ಲಿ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಕೊಟ್ಟಿತು ಎಂಬುದನ್ನು ಹೇಳದಿದ್ದರೆ, 1993ರ ನಂತರದ ಕರ್ನಾಟಕ ಬೇರೆ ರಾಜ್ಯಗಳಿಗಿಂತ ಏಕೆ ಭಿನ್ನವಾಗಿತ್ತು ಎಂಬುದು ತಿಳಿಯುವುದಿಲ್ಲ. ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಗೆ ಅವರ ಹೆಸರೇ ಇದೆ. ಸದಸ್ಯರ ತರಬೇತಿಯ ಕೈಪಿಡಿಗಳು ಅಲ್ಲಿಂದ ಬರುವುದರಿಂದ, ಏನನ್ನು ಕಲಿಸಲಾಯಿತು ಎಂಬುದನ್ನು ತಿಳಿಯಲು ಆ ಕೈಪಿಡಿಗಳನ್ನು ಸಂಪಾದಿಸಿಕೊಳ್ಳಿ. ಕಲಿಸದ ವಿಷಯವನ್ನು ಕಲಿತಿಲ್ಲವೆಂದು ಸದಸ್ಯರ ಮೇಲೆ ಹೊರಿಸುವುದು ನ್ಯಾಯವಲ್ಲ.

ಮೂರನೆಯ ಹಂತ: ಪಂಚಾಯತಿಗಳ ಆಯ್ಕೆ

ಪ್ರಬಂಧ ಗಟ್ಟಿಯಾಗುವುದೂ ಪೊಳ್ಳಾಗುವುದೂ ಈ ಹಂತದಲ್ಲಿಯೇ. ಸ್ವಂತ ಊರಿನ ಸುತ್ತಲಿನ ನಾಲ್ಕು ಪಂಚಾಯತಿಗಳನ್ನು ಆರಿಸಿ ‘ಯಾದೃಚ್ಛಿಕ ಮಾದರಿ’ ಎಂದು ಬರೆಯುವವರಿದ್ದಾರೆ. ಅನುಕೂಲಕ್ಕಾಗಿ ಆರಿಸಿಕೊಂಡಿದ್ದರೆ ಹಾಗೆಂದೇ ಬರೆಯಿರಿ, ಅದರಲ್ಲಿ ನಾಚಿಕೆಯೇನಿಲ್ಲ.

ಹೋಲಿಕೆಯ ಪಂಚಾಯತಿಯನ್ನು ಹುಡುಕಲು ನಮ್ಮ ರಾಜ್ಯದ ವ್ಯವಸ್ಥೆಯೇ ಎರಡು ದಾರಿಗಳನ್ನು ಒದಗಿಸಿದೆ. ಅಧ್ಯಕ್ಷ ಸ್ಥಾನದ ಮೀಸಲಾತಿ ಆವರ್ತನ ಪದ್ಧತಿಯಲ್ಲಿ ಬರುತ್ತದೆಯೇ ಹೊರತು ಊರವರು ಆರಿಸಿಕೊಂಡದ್ದಲ್ಲ. ಆದ್ದರಿಂದ ಒಂದೇ ತಾಲ್ಲೂಕಿನಲ್ಲಿ ಮಹಿಳೆಗೆ ಮೀಸಲಾದ ಮತ್ತು ಮೀಸಲಾಗದ ಪಂಚಾಯತಿಗಳನ್ನು ಹೋಲಿಸಿದಾಗ, ‘ಮುಂದುವರಿದ ಊರಾದ್ದರಿಂದ ಮಹಿಳೆಯನ್ನು ಆರಿಸಿದರು’ ಎಂಬ ಆಕ್ಷೇಪಕ್ಕೆ ಎಡೆ ಕಡಿಮೆಯಾಗುತ್ತದೆ. ಎಡೆ ಪೂರ್ತಿ ಇಲ್ಲವಾಗುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಮೀಸಲು ಜನಸಂಖ್ಯೆಯ ಪ್ರಮಾಣವನ್ನು ಅವಲಂಬಿಸಿರುವುದರಿಂದ, ಆ ವರ್ಷದ ಮೀಸಲಾತಿ ಆದೇಶದ ಪ್ರತಿಯನ್ನು ಜಿಲ್ಲಾಧಿಕಾರಿಗಳ ಕಚೇರಿಯಿಂದ ಪಡೆದು, ಯಾವ ಕ್ರಮದಲ್ಲಿ ಸ್ಥಾನಗಳನ್ನು ನಿಗದಿಪಡಿಸಿದರು ಎಂಬುದನ್ನು ಓದಿಯೇ ಮುಂದುವರಿಯಬೇಕು.

ಇನ್ನೊಂದು ದಾರಿಯನ್ನು ನಮ್ಮ ಸಂಶೋಧನಾರ್ಥಿಗಳು ಅಷ್ಟಾಗಿ ಬಳಸಿಲ್ಲ. 2020ರ ಡಿಸೆಂಬರ್‌ನಲ್ಲಿ ಚುನಾಯಿತವಾದ ಪಂಚಾಯತಿಗಳಲ್ಲಿ ಸದಸ್ಯರ ಅವಧಿ ಐದು ವರ್ಷವಾದರೂ ಅಧ್ಯಕ್ಷ, ಉಪಾಧ್ಯಕ್ಷರ ಅವಧಿ 30 ತಿಂಗಳಿನದಾಗಿತ್ತು. 2023ರ ಮಧ್ಯದಲ್ಲಿ ಎರಡನೆಯ ಅವಧಿಗೆ ಹೊಸಬರು ಬಂದರು. ಅದೇ ಊರು, ಅದೇ ಸದಸ್ಯರು, ಅದೇ ಕಟ್ಟಡ, ಬಹುಶಃ ಅದೇ ಕಾರ್ಯದರ್ಶಿ, ಬದಲಾದದ್ದು ಅಧ್ಯಕ್ಷರು ಮಾತ್ರ. ಇಂಥ ಹೋಲಿಕೆ ಎರಡು ಬೇರೆ ಊರುಗಳ ನಡುವೆ ಸಿಗುವುದು ಕಷ್ಟ. ಇಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ವರ್ಗಾವಣೆ. ಅಧ್ಯಕ್ಷರು ಬದಲಾದ ಕಾಲಕ್ಕೇ ಪಿಡಿಒ ಕೂಡ ಬದಲಾಗಿದ್ದರೆ, ಅಥವಾ ಒಬ್ಬರೇ ಪಿಡಿಒ ಎರಡು ಪಂಚಾಯತಿಗಳ ಪ್ರಭಾರದಲ್ಲಿದ್ದರೆ, ಕಂಡ ವ್ಯತ್ಯಾಸ ಯಾರಿಂದ ಬಂತೆಂದು ಹೇಳಲಾಗುವುದಿಲ್ಲ. ಆರಿಸಿದ ಪ್ರತಿ ಪಂಚಾಯತಿಗೂ ಅಧ್ಯಕ್ಷರು ಮತ್ತು ಪಿಡಿಒಗಳು ಬಂದ, ಹೋದ ದಿನಾಂಕಗಳ ಒಂದು ಪುಟದ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿಕೊಳ್ಳಿ.

ಹಿಂದುಳಿದಿರುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಾಗ ಎಲ್ಲರೂ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯತ್ತ ಕೈಚಾಚುತ್ತಾರೆ. ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಅಂದಿನ ಗುಲಬರ್ಗಾ ವಿಭಾಗದಲ್ಲಿದ್ದವು ಎಂಬ ಅಂಕಿ ಇಂದಿಗೂ ಪ್ರತಿ ಪ್ರಬಂಧದ ಮುನ್ನುಡಿಯಲ್ಲಿದೆ. ಆದರೆ ಆ ತಾಲ್ಲೂಕುಗಳ ಗಡಿ ಈಗಿಲ್ಲ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗಿ, ಬಳಿಕ ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ, ಹುಲಸೂರು, ಚಿಟಗುಪ್ಪ, ಕಮಲನಗರ, ಗುರುಮಠಕಲ್, ಹುಣಸಗಿ, ವಡಗೇರಾ ತಾಲ್ಲೂಕುಗಳು ಹುಟ್ಟಿದವು. 2011ರ ಜನಗಣತಿಯ ಅಂಕಿಅಂಶಗಳಿರುವುದೂ ಹಳೆಯ ತಾಲ್ಲೂಕುಗಳ ಪ್ರಕಾರವೇ. ಹಳೆಯ ಶಹಾಪುರದ ಅಂಕಿಯನ್ನು ಇಂದಿನ ವಡಗೇರಾದ ಪಂಚಾಯತಿಗೆ ಹೊಂದಿಸಬೇಕಾದರೆ ಹಳ್ಳಿವಾರು ಕೋಷ್ಟಕದಿಂದ ಕೂಡಿಸುತ್ತ ಬರಬೇಕೇ ಹೊರತು ತಾಲ್ಲೂಕಿನ ಸರಾಸರಿಯನ್ನು ಎತ್ತಿ ಅಂಟಿಸುವಂತಿಲ್ಲ.

ಎಷ್ಟು ಪಂಚಾಯತಿಗಳು ಬೇಕು ಎಂಬುದು ಪ್ರತಿಯೊಬ್ಬರೂ ಕೇಳುವ ಪ್ರಶ್ನೆ. ‘300 ಮಂದಿ ಸದಸ್ಯರನ್ನು ಸಂದರ್ಶಿಸಿದ್ದೇನೆ’ ಎಂಬುದು ಕೇಳಲು ದೊಡ್ಡದಾಗಿದ್ದರೂ, ಅವರೆಲ್ಲ 15 ಪಂಚಾಯತಿಗಳವರಾಗಿದ್ದರೆ ನಿಮ್ಮಲ್ಲಿ ನಿಜವಾಗಿ ಇರುವುದು 300 ಸ್ವತಂತ್ರ ಉತ್ತರಗಳಲ್ಲ. ಒಂದೇ ಪಂಚಾಯತಿಯ ಸದಸ್ಯರು ಅದೇ ಅಧ್ಯಕ್ಷರನ್ನು, ಅದೇ ಪಿಡಿಒ ಅವರನ್ನು, ಅದೇ ಅನುದಾನವನ್ನು ಕಂಡವರಾದ್ದರಿಂದ ಅವರ ಉತ್ತರಗಳು ಒಂದನ್ನೊಂದು ಹೋಲುತ್ತವೆ. ಅಂಕಿಅಂಶದ ಪರೀಕ್ಷೆ ಮಾಡುವವರು ಪಂಚಾಯತಿಗಳ ಸಂಖ್ಯೆಯನ್ನು ಹೆಚ್ಚಿಸಿ, ಪ್ರತಿ ಪಂಚಾಯತಿಯಲ್ಲಿ ಮಾತನಾಡಿಸುವವರ ಸಂಖ್ಯೆಯನ್ನು ಕಡಿಮೆ ಮಾಡುವುದು ಲೇಸು. ಅದು ಆಗದಿದ್ದರೆ ಪರೀಕ್ಷೆಯ ಆಸೆಯನ್ನು ಬಿಟ್ಟು ನಾಲ್ಕಾರು ಪಂಚಾಯತಿಗಳನ್ನು ಆಳವಾಗಿ ಅಧ್ಯಯನ ಮಾಡಿ. ಎರಡರ ನಡುವೆ ನಿಂತ ಪ್ರಬಂಧ ಯಾವುದಕ್ಕೂ ಸಲ್ಲುವುದಿಲ್ಲ.

ನಾಲ್ಕನೆಯ ಹಂತ: ಯಾವ ಹಣ ಯಾರ ನಿರ್ಧಾರ ಎಂಬುದನ್ನು ಬೇರ್ಪಡಿಸಿ

ಊರಿನಲ್ಲಿ ಸಿಮೆಂಟ್ ರಸ್ತೆಯಾಗಿದೆ, ಆದ್ದರಿಂದ ಅಧ್ಯಕ್ಷರ ನಾಯಕತ್ವ ಪರಿಣಾಮಕಾರಿಯಾಗಿದೆ ಎಂದು ಬರೆಯುವ ಮೊದಲು ಆ ರಸ್ತೆಗೆ ಹಣ ಎಲ್ಲಿಂದ ಬಂತೆಂದು ನೋಡಬೇಕು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ನಂತರ ನಮ್ಮ ಭಾಗಕ್ಕೆ ಬರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಾಮಗಾರಿಗಳಲ್ಲಿ ಶಾಸಕರು ಮತ್ತು ಇಲಾಖೆಗಳ ಪಾತ್ರವೇ ದೊಡ್ಡದು. ಗ್ರಾಮ ಪಂಚಾಯತಿಯ ಅಧ್ಯಕ್ಷೆ ಅದಕ್ಕೆ ಪೂಜೆಯ ದಿನ ಬಂದು ನಿಂತಿರಬಹುದು ಅಷ್ಟೇ. ಹದಿನೈದನೆಯ ಹಣಕಾಸು ಆಯೋಗದ ಅನುದಾನದಲ್ಲಿಯೂ 2021-22ರಿಂದ ಶೇ 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಹಾಕಿದ್ದಾಗಿತ್ತು. ಪಂಚಾಯತಿಯ ವಿವೇಚನೆಗೆ ಉಳಿದದ್ದು ಮಿಕ್ಕ ಭಾಗ.

ನನ್ನನ್ನು ಕೇಳಿದರೆ, ಪಂಚಾಯತಿ ತಾನೇ ಸಂಗ್ರಹಿಸುವ ಮನೆ ತೆರಿಗೆ, ನೀರಿನ ಕರ ಮತ್ತು ಅಂಗಡಿ ಬಾಡಿಗೆಗಳ ಲೆಕ್ಕವೇ ನಾಯಕತ್ವಕ್ಕೆ ಎಲ್ಲಕ್ಕಿಂತ ಪ್ರಾಮಾಣಿಕ ಸಾಕ್ಷಿ. ಕರ ವಸೂಲಿಯೆಂದರೆ ನೆರೆಯವರ, ಬೀಗರ, ಮತ ಹಾಕಿದವರ ಮನೆಯ ಬಾಗಿಲಲ್ಲಿ ನಿಂತು ಹಣ ಕೇಳುವ ಕೆಲಸ. ಅದನ್ನು ಮಾಡಿಸುವ ಧೈರ್ಯ ಮತ್ತು ಆ ಹಣವನ್ನು ಎಲ್ಲಿ ಹಾಕಬೇಕೆಂಬ ನಿರ್ಧಾರ ಎರಡೂ ಪಂಚಾಯತಿಯವೇ. ಬೇಡಿಕೆ, ವಸೂಲಿ, ಬಾಕಿ ತಖ್ತೆಯನ್ನು ವರ್ಷವಾರು ಬರೆದುಕೊಂಡು ಇಬ್ಬರು ಅಧ್ಯಕ್ಷರ ಅವಧಿಗಳ ನಡುವೆ ಹೋಲಿಸಿ.

ಐದನೆಯ ಹಂತ: ಅನುಮತಿ ಮತ್ತು ದಾಖಲೆ

ವಿಭಾಗದ ಮುಖ್ಯಸ್ಥರ ಪತ್ರದೊಂದಿಗೆ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಂದ ಒಂದು ಅನುಮತಿ ಪತ್ರ ಪಡೆದು, ಅದರ ಪ್ರತಿಯನ್ನು ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಕೊಟ್ಟು, ನಂತರ ಗ್ರಾಮ ಪಂಚಾಯತಿಗೆ ಹೋಗುವುದು ಸರಿಯಾದ ಕ್ರಮ. 2016ರಲ್ಲಿ ಆಯ್ಕೆಯಾದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಆ ಅವಧಿಯಲ್ಲಿ ಮೇಲಿನ ಎರಡು ಹಂತಗಳಲ್ಲಿ ಅಧಿಕಾರಿಗಳಷ್ಟೇ ಇದ್ದರು ಎಂಬುದು ನಿಮ್ಮ ವಿಶ್ಲೇಷಣೆಯಲ್ಲಿಯೂ ಬರಬೇಕಾದ ಸಂಗತಿ. ಗ್ರಾಮ ಪಂಚಾಯತಿಯ ಅಧ್ಯಕ್ಷರಿಗೆ ಮೇಲೆ ಮಾತನಾಡಲು ಚುನಾಯಿತ ಜೊತೆಗಾರರೇ ಇರಲಿಲ್ಲ.

ಮಾಹಿತಿ ಹಕ್ಕು ಅರ್ಜಿ ಕೊನೆಯ ಅಸ್ತ್ರವಾಗಿರಲಿ. ಅರ್ಜಿ ಹಾಕಿದವನಿಗೆ ಕಾಗದ ಸಿಗುತ್ತದೆ, ಮಾತು ಸಿಗುವುದಿಲ್ಲ. ಹಾಕಲೇಬೇಕಾದರೆ ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಲಿ, ಅರ್ಜಿ 150 ಪದಗಳನ್ನು ಮೀರದಿರಲಿ, 10 ರೂಪಾಯಿ ಶುಲ್ಕ ಸೇರಿರಲಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ, ಬಳಿಕ ಮಾಹಿತಿ ಆಯೋಗ. ಆಯೋಗದ ಪೀಠವೊಂದು ಕಲಬುರಗಿಯಲ್ಲಿಯೇ ಇದೆ. ಆದರೆ ಆಯೋಗದವರೆಗೆ ಹೋಗುವಷ್ಟು ಕಾಲ ಕಿರುಪ್ರಬಂಧದ ವೇಳಾಪಟ್ಟಿಯಲ್ಲಿ ಇರುವುದಿಲ್ಲ. ವಾರ್ಷಿಕ ಕ್ರಿಯಾಯೋಜನೆ ಮತ್ತು ಹಣಕಾಸು ಆಯೋಗದ ಪಾವತಿಗಳು ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಯಾರನ್ನೂ ಕೇಳದೆ ಸಿಗುವುದರಿಂದ ಅವನ್ನು ಮೊದಲು ಇಳಿಸಿಕೊಂಡು, ಸಿಗದ್ದನ್ನಷ್ಟೇ ಕಚೇರಿಯಲ್ಲಿ ಕೇಳಿ.

ಕೇಳಿ ಪಡೆಯಬೇಕಾದ ಮುಖ್ಯ ದಾಖಲೆ ಸಭಾ ನಡಾವಳಿ ಪುಸ್ತಕ, ಅಂದರೆ ಠರಾವು ಪುಸ್ತಕ. ಪ್ರತಿ ಠರಾವಿಗೆ ಒಂದು ಸಾಲಿನಂತೆ ಕೋಷ್ಟಕ ಮಾಡಿಕೊಂಡು ದಿನಾಂಕ, ವಿಷಯ, ಸೂಚಕರು, ಅನುಮೋದಕರು, ಯಾವ ವಾರ್ಡಿಗೆ ಸಂಬಂಧಿಸಿದ್ದು, ಎಷ್ಟು ಹಣ, ಆಮೇಲೆ ಅದು ಜಾರಿಗೆ ಬಂತೇ ಎಂಬುದನ್ನು ತುಂಬುತ್ತ ಹೋಗಿ. ‘ಸಭೆಯು ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ಠರಾಯಿಸಿತು’ ಎಂಬ ವಾಕ್ಯ ಪ್ರತಿ ಪುಟದಲ್ಲಿಯೂ ಇರುತ್ತದೆ. ಅದನ್ನು ಚರ್ಚೆಗೆ ಸಾಕ್ಷಿಯೆಂದು ಎಣಿಸಬೇಡಿ. ನಡಾವಳಿಯನ್ನು ಸಭೆ ಮುಗಿದ ಎಷ್ಟೋ ದಿನಗಳ ಮೇಲೆ ಬರೆದಿರಬಹುದು, ಸಹಿ ಅಥವಾ ಹೆಬ್ಬೆಟ್ಟು ಮನೆಗೆ ಹೋಗಿ ಪಡೆದದ್ದಾಗಿರಬಹುದು. ಹಾಗೆಂದು ಪುಸ್ತಕ ನಿರುಪಯೋಗಿಯಲ್ಲ. ಒಂದು ವಿಷಯ ಮೂರು ಸಭೆಗಳಲ್ಲಿ ಮತ್ತೆ ಮತ್ತೆ ಬಂದಿದ್ದರೆ ಅದನ್ನು ಯಾರೋ ಬಿಡದೆ ಹಿಡಿದಿದ್ದಾರೆಂದು ಅರ್ಥ. ಆ ಸದಸ್ಯರನ್ನು ಹುಡುಕಿಕೊಂಡು ಹೋಗಿ. ತರಬೇತಿಯ ಪಟ್ಟಿಯಲ್ಲಿ ಹೆಸರೇ ಇಲ್ಲದ ನಾಯಕರು ಸಿಗುವುದು ಸಾಮಾನ್ಯವಾಗಿ ಹೀಗೆ.

ಆರನೆಯ ಹಂತ: ಮಾತುಕತೆ

ಯಾದಗಿರಿ ಜಿಲ್ಲೆಯ ಸಾಕ್ಷರತೆ 2011ರ ಗಣತಿಯಲ್ಲಿ ಶೇ 51.83ರಷ್ಟಿದ್ದು ರಾಜ್ಯದಲ್ಲೇ ಕನಿಷ್ಠವಾಗಿತ್ತು. ಇಲ್ಲಿ ಮುದ್ರಿತ ಪ್ರಶ್ನಾವಳಿಯನ್ನು ಕೈಗೆ ಕೊಟ್ಟು ‘ತುಂಬಿಕೊಡಿ’ ಎನ್ನುವುದೆಂದರೆ, ಅದನ್ನು ಮನೆಯ ಓದಿದ ಹುಡುಗನೋ ಗಂಡನೋ ತುಂಬಿದ ಹಾಗೆ. ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸಂಪೂರ್ಣ ಒಪ್ಪುವುದಿಲ್ಲ’ದವರೆಗಿನ ಐದು ಹಂತದ ಅಳತೆಯೂ ಬಾಯಿಮಾತಿನಲ್ಲಿ ನಿಲ್ಲುವುದಿಲ್ಲ, ಎಲ್ಲದಕ್ಕೂ ‘ಚಲೋ ಅದರಿ’ ಎಂಬ ಒಂದೇ ಉತ್ತರ ಬರುತ್ತದೆ. ವಿದೇಶದ ನಾಯಕತ್ವ ಮಾಪನಗಳನ್ನು ಕನ್ನಡಿಸಿ ಬಳಸುವವರು, ಅವುಗಳಲ್ಲಿ ಕೆಲವಕ್ಕೆ ಹಕ್ಕುದಾರರ ಪರವಾನಗಿ ಬೇಕು ಎಂಬುದನ್ನೂ, ಕನ್ನಡಕ್ಕೆ ತಂದದ್ದನ್ನು ಮೂಲ ನೋಡದ ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ ಹೋಲಿಸಬೇಕು ಎಂಬುದನ್ನೂ ಮರೆಯಬಾರದು.

ಅಳತೆಪಟ್ಟಿಗಿಂತ ಸನ್ನಿವೇಶವನ್ನು ಮುಂದಿಟ್ಟು ಕೇಳುವುದು ನಮ್ಮಲ್ಲಿ ಹೆಚ್ಚು ಫಲ ಕೊಡುತ್ತದೆ. ಬೇಸಿಗೆಯಲ್ಲಿ ಲಂಬಾಣಿ ತಾಂಡಾದ ಬೋರ್‌ವೆಲ್ ಮೋಟಾರು ಸುಟ್ಟಿದೆ, ಅದೇ ವಾರ ಊರೊಳಗಿನ ಚರಂಡಿಗೆ ಹಣ ಬಿಡುಗಡೆಯಾಗಿದೆ, ಪಿಡಿಒ ಬೇರೆ ಪಂಚಾಯತಿಯ ಪ್ರಭಾರದಲ್ಲಿದ್ದಾರೆ ಎಂದು ವಿವರಿಸಿ, ‘ಮೊದಲ ಯಾರಿಗಿ ಫೋನ್ ಮಾಡ್ತೀರಿ ಅಕ್ಕಾರ? ಅವರು ಆಗಂಗಿಲ್ಲ ಅಂದ್ರ ಮುಂದೇನ್ ಮಾಡ್ತೀರಿ?’ ಎಂದು ಕೇಳಿ. ಉತ್ತರದಲ್ಲಿ ಬರುವ ಹೆಸರುಗಳು ಮತ್ತು ಹೆಜ್ಜೆಗಳೇ ದತ್ತಾಂಶ. ಒಬ್ಬರು ಗಂಡನ ಹೆಸರಿನಲ್ಲಿ ನಿಂತುಬಿಡುತ್ತಾರೆ, ಇನ್ನೊಬ್ಬರು ಕಿರಿಯ ಎಂಜಿನಿಯರಿಂದ ಹಿಡಿದು ಕಾರ್ಯನಿರ್ವಾಹಕ ಅಧಿಕಾರಿಯವರೆಗೆ ಹೇಳುತ್ತಾರೆ. ಇದೇ ಸನ್ನಿವೇಶವನ್ನು ತರಬೇತಿಗೆ ಮುನ್ನ ಮತ್ತು ಆರು ತಿಂಗಳ ನಂತರ ಕೇಳಿದರೆ ಮೂರನೆಯ ಮೆಟ್ಟಿಲಿನ ಬದಲಾವಣೆ ಸ್ವಲ್ಪಮಟ್ಟಿಗೆ ಕಾಣುತ್ತದೆ.

ಅಧ್ಯಕ್ಷೆಯ ಗಂಡನ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕಚೇರಿಯಲ್ಲಿ ಅವರೇ ಕುರ್ಚಿ ಎಳೆದು ಕುಳಿತು ಉತ್ತರಿಸಲು ತೊಡಗಿದರೆ ಅವರನ್ನು ತಡೆಯಬೇಡಿ. ಅವರನ್ನೇ ಪ್ರತ್ಯೇಕವಾಗಿ ಸಂದರ್ಶಿಸಿ, ಅದನ್ನು ಬೇರೆಯಾಗಿ ದಾಖಲಿಸಿ. ಅಧ್ಯಕ್ಷೆಯನ್ನು ಮಾತನಾಡಿಸಲು ಮಹಿಳಾ ಸಹಾಯಕರೊಬ್ಬರು ಇನ್ನೊಂದು ಹೊತ್ತಿನಲ್ಲಿ, ಸ್ವಸಹಾಯ ಸಂಘದ ಸಭೆಯ ದಿನವೋ ಹೊಲದ ಕೆಲಸ ಮುಗಿದ ಸಂಜೆಯೋ ಹೋಗಲಿ. ಗಂಡ ಮುಂದೆ ನಿಂತಿದ್ದಾನೆಂಬ ಮಾತ್ರಕ್ಕೆ ಆಕೆಗೆ ನಾಯಕತ್ವವಿಲ್ಲವೆಂದು ತೀರ್ಮಾನಿಸುವುದು ಅವಸರ. ಮೊದಲ ವರ್ಷ ಗಂಡನ ಹಿಂದಿದ್ದವರು ಎರಡನೆಯ ವರ್ಷ ಚೆಕ್ಕಿಗೆ ಸಹಿ ಹಾಕುವ ಮುನ್ನ ಬಿಲ್ಲು ಕೇಳತೊಡಗಿದರೆ ಅದೇ ನೀವು ಹುಡುಕುತ್ತಿರುವ ವಿಕಾಸ, ಅದು ಒಂದೇ ಭೇಟಿಯಲ್ಲಿ ಕಾಣುವುದಿಲ್ಲ.

ಚುನಾಯಿತರಲ್ಲದವರನ್ನೂ ಪಟ್ಟಿಗೆ ಸೇರಿಸಿ. ಲಂಬಾಣಿ ತಾಂಡಾದಲ್ಲಿ ಸಾಂಪ್ರದಾಯಿಕ ಮುಖಂಡರಾದ ನಾಯಕ ಮತ್ತು ಕಾರಭಾರಿ ಒಪ್ಪದೆ ವಾರ್ಡಿನ ಸದಸ್ಯರು ಹೆಜ್ಜೆಯಿಡುವುದು ಕಷ್ಟ. ಹಳೆಯ ಊರುಗಳಲ್ಲಿ, ಹಿಂದೆ ಕಂದಾಯ ಮತ್ತು ಕಾವಲಿನ ಹೊಣೆ ಹೊತ್ತಿದ್ದ ಮಾಲಿ ಪಾಟೀಲ, ಪೊಲೀಸ್ ಪಾಟೀಲ ಮನೆತನಗಳ ಮಾತಿಗೆ ಇನ್ನೂ ತೂಕವಿದೆ. ಸದಸ್ಯರ ಪೈಕಿ ಯಾರು ಯಾವ ಮನೆತನದವರು, ಯಾರಿಗೆ ಯಾರು ಬೀಗರು ಎಂಬ ನಕ್ಷೆಯನ್ನು ಬರೆಯದೆ ಅವಿರೋಧ ಆಯ್ಕೆಯನ್ನು ‘ಒಗ್ಗಟ್ಟು’ ಎಂದು ಕರೆಯಬೇಡಿ.

ಭಾಷೆಯ ಸಿದ್ಧತೆಯೂ ಬೇಕು. ಔರಾದ್, ಭಾಲ್ಕಿ, ಬಸವಕಲ್ಯಾಣಗಳ ಎಷ್ಟೋ ಮನೆಗಳಲ್ಲಿ ಮರಾಠಿ, ಗುರುಮಠಕಲ್ ಮತ್ತು ಸೇಡಂ ಗಡಿಯಲ್ಲಿ ತೆಲುಗು, ಎಲ್ಲೆಡೆಯೂ ದಖ್ಖನಿ ಉರ್ದು ಮತ್ತು ಲಂಬಾಣಿ ಇವೆ. ಕಾಲವನ್ನೂ ನೋಡಿಕೊಳ್ಳಿ: ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ, ಅದಾದ ಮೇಲೆ ತಾಂಡಾಗಳಿಂದ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಗುಳೆ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮಧ್ಯಾಹ್ನ ಯಾರೂ ಹೊರಗೆ ಬಾರದ ಬಿಸಿಲು. ಬಿತ್ತನೆ ಮುಗಿದ ಆಗಸ್ಟ್‌ನಿಂದ ದೀಪಾವಳಿಯವರೆಗಿನ ಅವಧಿಯೇ ಹೆಚ್ಚು ಅನುಕೂಲ. ಗುಳೆ ಹೋದವರನ್ನು ಬಿಟ್ಟು ಮಾಡಿದ ಸಮೀಕ್ಷೆ ಊರಲ್ಲಿ ಉಳಿಯಬಲ್ಲವರ ಅಭಿಪ್ರಾಯವಷ್ಟೇ ಆಗುತ್ತದೆ.

ಏಳನೆಯ ಹಂತ: ಗ್ರಾಮಸಭೆಯಲ್ಲಿ ಕುಳಿತುಕೊಳ್ಳಿ

ಗ್ರಾಮಸಭೆ ಸಾರ್ವಜನಿಕ ಸಭೆ. ಅಲ್ಲಿ ಕುಳಿತು ನೋಡಲು ತಡೆಯಿಲ್ಲ, ಆದರೂ ಅಧ್ಯಕ್ಷರಿಗೆ ಮೊದಲೇ ಹೇಳಿ ಹೋಗುವುದು ಮರ್ಯಾದೆ. ರಾಜ್ಯದ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಕೋರಂಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಬೇಕು. ಪುಸ್ತಕದಲ್ಲಿನ ಸಹಿಗಳನ್ನು ಎಣಿಸುವುದರ ಜೊತೆಗೆ ಕಣ್ಣೆದುರಿನ ತಲೆಗಳನ್ನೂ ಸಭೆಯ ಆರಂಭದಲ್ಲಿ, ನಡುವೆ ಮತ್ತು ಕೊನೆಯಲ್ಲಿ ಎಣಿಸಿ.

ಯಾರು ಮಾತನಾಡಿದರು, ಎಷ್ಟು ಹೊತ್ತು, ಯಾವ ವಿಷಯ, ಯಾರು ಉತ್ತರಿಸಿದರು, ಉತ್ತರ ಬಾರದೆ ಹೋದ ಮಾತು ಯಾವುದು ಎಂಬ ಐದು ಅಂಕಣಗಳ ಹಾಳೆ ಸಾಕು. ಕೊನೆಯ ಅಂಕಣವೇ ಹೆಚ್ಚು ಬೆಲೆಯುಳ್ಳದ್ದು. ತಮಿಳುನಾಡಿನ ಗ್ರಾಮಸಭೆಗಳ ಮಾತನ್ನು ಅಕ್ಷರಕ್ಕಿಳಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಹಿಳೆಯರ ಮಾತಿಗೆ ಅಧಿಕಾರಿಗಳಿಂದ ಪ್ರತಿಕ್ರಿಯೆ ಸಿಗುವುದು ಪುರುಷರಿಗಿಂತ ಕಡಿಮೆಯೆಂದೂ, ಅಧ್ಯಕ್ಷೆ ಮಹಿಳೆಯಾಗಿದ್ದಲ್ಲಿ ಮಹಿಳೆಯರ ಮಾತಿಗೆ ಪ್ರತಿಕ್ರಿಯೆ ಹೆಚ್ಚುತ್ತದೆಯೆಂದೂ ಕಂಡುಬಂದಿತು. ಇದೇ ಪ್ರಶ್ನೆಯನ್ನು ನಮ್ಮ ಮಹಿಳಾ ಗ್ರಾಮಸಭೆ ಮತ್ತು ಸಾಮಾನ್ಯ ಗ್ರಾಮಸಭೆಗಳನ್ನು ಹೋಲಿಸಿ ಕೇಳಬಹುದು. ಅದೊಂದೇ ಒಂದು ಕಿರುಪ್ರಬಂಧಕ್ಕೆ ಸಾಕಾಗುವಷ್ಟಿದೆ.

ಕೊನೆಯ ಹಂತ: ಬರವಣಿಗೆ ಮತ್ತು ಹಿಂದಿರುಗಿಸುವುದು

ಹೆಸರು ಬದಲಿಸಿದರೆ ಗುರುತು ಮರೆಯಾಗುತ್ತದೆ ಎಂದು ನಂಬಬೇಡಿ. ತಾಲ್ಲೂಕು, ಮೀಸಲಾತಿ ವರ್ಗ, ಅವಧಿ ಈ ಮೂರನ್ನು ಹೇಳಿದರೆ ಸಾಕು, ಆ ಅಧ್ಯಕ್ಷೆ ಯಾರೆಂದು ತಾಲ್ಲೂಕು ಕಚೇರಿಯ ಎಲ್ಲರಿಗೂ ತಿಳಿಯುತ್ತದೆ. ಇವುಗಳಲ್ಲಿ ಒಂದನ್ನಾದರೂ ಮಸುಕುಗೊಳಿಸಿ. ಒಪ್ಪಿಗೆಯನ್ನು ಕಾಗದದ ಮೇಲಿನ ಹೆಬ್ಬೆಟ್ಟಿಗಿಂತ ಧ್ವನಿಮುದ್ರಣದಲ್ಲಿ ಪಡೆಯುವುದು ಜನರಿಗೆ ಕಡಿಮೆ ಭಯದ ಸಂಗತಿ. ಇದಕ್ಕೆ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆಯನ್ನು ಕ್ಷೇತ್ರಕ್ಕೆ ಹೋಗುವ ಮೊದಲೇ ತೆಗೆದುಕೊಂಡಿರಬೇಕು.

ತೀರ್ಮಾನದ ಅಧ್ಯಾಯದಲ್ಲಿ ಕಂಡದ್ದು, ಕಾಣಬಹುದೆಂದುಕೊಂಡು ಕಾಣದೇ ಹೋದದ್ದು ಎರಡಕ್ಕೂ ಸಮಾನ ಜಾಗ ಕೊಡಿ. ತರಬೇತಿ ಪಡೆದ ಮತ್ತು ಪಡೆಯದ ಪಂಚಾಯತಿಗಳ ನಡುವೆ ವ್ಯತ್ಯಾಸವಿಲ್ಲವೆಂದು ಬಂದರೆ ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ವ್ಯತ್ಯಾಸ ಏಕಿಲ್ಲ ಎಂಬುದಕ್ಕೆ ನಿಮ್ಮ ನಡಾವಳಿ ಕೋಷ್ಟಕ ಮತ್ತು ಪಿಡಿಒ ವರ್ಗಾವಣೆಯ ಪಟ್ಟಿ ಉತ್ತರ ಕೊಡುತ್ತವೆ.

ಮೌಖಿಕ ಪರೀಕ್ಷೆಗೆ ಮೊದಲೇ, ಪ್ರತಿ ಪಂಚಾಯತಿಗೂ ಅದರದೇ ಅಂಕಿಗಳಿರುವ ಎರಡು ಪುಟದ ಕನ್ನಡ ವರದಿಯನ್ನು ಕೊಟ್ಟು ಬನ್ನಿ. ಸಾಧ್ಯವಾದರೆ ಸಾಮಾನ್ಯ ಸಭೆಯಲ್ಲಿ ಅದನ್ನು ಓದಿ ಹೇಳಿ, ಸದಸ್ಯರು ತಪ್ಪೆಂದು ತೋರಿಸಿದ್ದನ್ನು ದಾಖಲೆಯೊಂದಿಗೆ ತಾಳೆ ನೋಡಿ ತಿದ್ದಿಕೊಳ್ಳಿ. ತಿದ್ದಲು ಆಧಾರ ಸಿಗದಿದ್ದಲ್ಲಿ ಅವರ ಆಕ್ಷೇಪವನ್ನು ಅವರದೇ ಮಾತಿನಲ್ಲಿ, ಹೆಸರಿಲ್ಲದೆ, ಪ್ರಬಂಧದ ಅನುಬಂಧದಲ್ಲಿ ಸೇರಿಸಿ.